ಅರ್ಜಿ ವಜಾ, ಸಮಸ್ಯೆ ಅಲ್ಲ: ಸಿ.ಬಿ. ಮುತ್ತಮ್ಮ ಪ್ರಕರಣ

ದಾಖಲೆಯ ಮಟ್ಟಿಗೆ ಹೇಳುವುದಾದರೆ ಸಿ.ಬಿ. ಮುತ್ತಮ್ಮ ಈ ಕೇಸು ಗೆಲ್ಲಲಿಲ್ಲ. 1979ರ ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಸಿಂಘಲ್ ಅವರಿದ್ದ ಪೀಠ ಅವರ ರಿಟ್ ಅರ್ಜಿಯನ್ನು ವಜಾ ಮಾಡಿತು. ಯಾವ ನಿಯಮವನ್ನೂ ಕೋರ್ಟು ರದ್ದು ಮಾಡಲಿಲ್ಲ, ಪರಿಹಾರದ ಮಾತೂ ಬರಲಿಲ್ಲ. ಆದರೂ ಲಾ ಕಾಲೇಜುಗಳಲ್ಲಿ ಸಮಾನತೆಯ ಹಕ್ಕು ಹೇಳುವ ಸಂವಿಧಾನದ 14 ಮತ್ತು 16ನೇ ವಿಧಿಗಳ ಪಾಠಕ್ಕೆ ಬಂದಾಗ ‘ಮುತ್ತಮ್ಮ ಕೇಸು’ ಬಾರದೆ ಇರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಂತೂ ಅವರು ಒಂದು ಅಂಕದ ಉತ್ತರ: ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ, ಕೊಡಗಿನವರು.

ಸೋತ ಕೇಸು ಹೀಗೆ ಹೆಸರಾದದ್ದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಮದುವೆಯ ನಿಯಮದ್ದು. ಮದುವೆಯಾಗಲು ಸರ್ಕಾರದ ಅನುಮತಿ ಬೇಕಿತ್ತು, ಮುತ್ತಮ್ಮ ಅದನ್ನು ಪ್ರಶ್ನಿಸಿದರು, ನಿಯಮ ಹೋಯಿತು. ಇದು ಸುಳ್ಳಲ್ಲ, ಆದರೆ ಅರ್ಧ ಕಥೆ. ಮುತ್ತಮ್ಮ ಮದುವೆಯಾಗಲೇ ಇಲ್ಲ. ಆ ನಿಯಮ ಅವರ ಮೇಲೆ ಒಮ್ಮೆಯೂ ಪ್ರಯೋಗವಾಗಲಿಲ್ಲ. ಅವರನ್ನು ಕೋರ್ಟಿಗೆ ಹೋಗುವಂತೆ ಮಾಡಿದ್ದು ಬೇರೆಯೇ ಒಂದು ಸಂಗತಿ. ನಿಯಮ ಪುಸ್ತಕದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ, ಮತ್ತು ಕೋರ್ಟು ಪರಿಶೀಲಿಸದೆ ಪಕ್ಕಕ್ಕಿಟ್ಟದ್ದೂ ಅದನ್ನೇ.

ವಿರಾಜಪೇಟೆಯಿಂದ ದೆಹಲಿಗೆ

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು 1924ರ ಜನವರಿ 24ರಂದು, ವಿರಾಜಪೇಟೆಯಲ್ಲಿ. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ನಾಲ್ಕು ಮಕ್ಕಳನ್ನೂ ಓದಿಸಲೇಬೇಕೆಂದು ಪಟ್ಟು ಹಿಡಿದವರು ತಾಯಿ. ಮಡಿಕೇರಿಯ ಸೇಂಟ್ ಜೋಸೆಫ್ ಹೆಣ್ಣುಮಕ್ಕಳ ಶಾಲೆ, ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಆಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಇಷ್ಟಾದ ಮೇಲೆ 1948ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ. ಅದನ್ನು ದಾಟಿದ ಮೊದಲ ಮಹಿಳೆ ಅವರೇ.

ಸಂದರ್ಶನದ ಮಂಡಳಿ ವಿದೇಶಾಂಗ ಸೇವೆ ಬೇಡವೆಂದು ಅವರ ಮನಸ್ಸು ತಿರುಗಿಸಲು ನೋಡಿತು. ಹೆಂಗಸಿಗೆ ಒಗ್ಗುವ ಕೆಲಸವಲ್ಲ ಎಂಬುದು ಅಲ್ಲಿದ್ದವರ ಅಭಿಪ್ರಾಯ. ಮುತ್ತಮ್ಮ ಜಗ್ಗಲಿಲ್ಲ, 1949ರಲ್ಲಿ ಸೇವೆಗೆ ಸೇರಿದರು. ಸೇರುವಾಗ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು. ಅದೇ ವರ್ಷ ಜನವರಿ 15ರಂದು ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪ ಇಡೀ ದೇಶದ ಸೇನೆಯ ಚುಕ್ಕಾಣಿ ಹಿಡಿದಿದ್ದರು. ಕೊಡಗು ಆಗಿನ್ನೂ ಮೈಸೂರಿಗೆ ಸೇರಿರಲಿಲ್ಲ, ಚೀಫ್ ಕಮಿಷನರ್ ಆಡಳಿತದ ಪುಟ್ಟ ಪ್ರಾಂತ್ಯ. ಆ ಪುಟ್ಟ ಪ್ರಾಂತ್ಯದಿಂದ ಒಂದೇ ವರ್ಷದಲ್ಲಿ ಇಂಥ ಇಬ್ಬರು ಹೊಸ ದೇಶದ ಸೇವೆಯ ಬಾಗಿಲು ದಾಟಿದರು. ಮುಚ್ಚಳಿಕೆ ಕೇಳಿದ್ದು ಒಬ್ಬರನ್ನು ಮಾತ್ರ.

ಇನ್ನೊಂದು ಸಂಗತಿಯೂ ಇಲ್ಲಿ ಹೇಳಬೇಕು. ಆ ಹೊತ್ತಿಗೆ ವಿಜಯಲಕ್ಷ್ಮಿ ಪಂಡಿತ್ ಮಾಸ್ಕೋದಲ್ಲಿ ಭಾರತದ ರಾಯಭಾರಿಯಾಗಿದ್ದು, ವಾಷಿಂಗ್ಟನ್‌ಗೆ ಹೋಗುವವರಿದ್ದರು. ಹೆಂಗಸು ರಾಯಭಾರಿಯಾಗಬಲ್ಲಳೇ ಎಂಬ ಪ್ರಶ್ನೆಗೆ ಸರ್ಕಾರವೇ ಉತ್ತರ ಕೊಟ್ಟಾಗಿತ್ತು. ಆದರೆ ಅದು ರಾಜಕೀಯ ನೇಮಕ, ಪ್ರಧಾನಿಯ ತಂಗಿಗೆ ಸಿಕ್ಕದ್ದು. ಪರೀಕ್ಷೆ ಬರೆದು, ಅಂಕ ಗಳಿಸಿ, ಸರದಿಯಲ್ಲಿ ನಿಂತು ಬಂದವಳಿಗೆ ಮಾತ್ರ ಷರತ್ತು. ನಮ್ಮ ಆಡಳಿತದಲ್ಲಿ ಈ ಅಭ್ಯಾಸ ಹಳೆಯದು: ಮೇಲಿನಿಂದ ಕೂರಿಸಿದವರಿಗೆ ಇಲ್ಲದ ತಕರಾರು, ಮೆಟ್ಟಿಲು ಹತ್ತಿ ಬಂದವರಿಗೆ.

ಪ್ಯಾರಿಸ್, ರಂಗೂನ್, ಲಂಡನ್, ದೆಹಲಿ ಸಚಿವಾಲಯದಲ್ಲಿ ಪಾಕಿಸ್ತಾನ ಮತ್ತು ಅಮೆರಿಕ ಖಂಡಗಳ ವಿಭಾಗ. ಇಪ್ಪತ್ತು ವರ್ಷ ಹೀಗೆ ಹೋಯಿತು. 1970ರಲ್ಲಿ ಹಂಗರಿಗೆ ರಾಯಭಾರಿಯಾದರು. ಸೇವೆಯ ಒಳಗಿನಿಂದಲೇ ಬೆಳೆದು ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ ಅವರು. ಆಮೇಲೆ ಘಾನಾ.

ನಿಯಮ 8(2) ಮತ್ತು 18(4)

1949ರ ಮುಚ್ಚಳಿಕೆಗೆ ಒಂದು ಸಮಜಾಯಿಷಿ ಹೇಳಬಹುದು. ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ, ಬ್ರಿಟಿಷರ ಪದ್ಧತಿಯೇ ಮುಂದುವರಿದಿತ್ತು ಎಂದು. ಬ್ರಿಟನ್ನಿನ ವಿದೇಶಾಂಗ ಸೇವೆಯಲ್ಲಿ ಮದುವೆಯಾದ ಮಹಿಳೆ ಕೆಲಸ ಬಿಡಬೇಕೆಂಬ ಕಟ್ಟಳೆ 1970ರ ದಶಕದ ಆರಂಭದವರೆಗೂ ಇತ್ತು. ಐರ್ಲೆಂಡಿನ ಸರ್ಕಾರಿ ನೌಕರಿಯಲ್ಲಿ 1973ರವರೆಗೆ, ಆಸ್ಟ್ರೇಲಿಯಾದಲ್ಲಿ 1966ರವರೆಗೆ ಅದೇ ಕಥೆ. ನಾವೊಬ್ಬರೇ ಹಿಂದುಳಿದಿದ್ದೆವು ಎಂದರೆ ತಪ್ಪಾದೀತು.

ಆದರೆ ಆ ದೇಶಗಳಿಗೂ ನಮಗೂ ಒಂದು ವ್ಯತ್ಯಾಸವಿತ್ತು. 1950ರ ಜನವರಿ 26ರಿಂದ ನಮ್ಮಲ್ಲಿ 16(2)ನೇ ವಿಧಿ ಇತ್ತು: ಸರ್ಕಾರಿ ನೌಕರಿಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಮುಂತಾದವುಗಳ ಆಧಾರದ ಮೇಲೆ ಯಾರನ್ನೂ ಅನರ್ಹರೆಂದು ನೋಡುವಂತಿಲ್ಲ, ತಾರತಮ್ಯ ಮಾಡುವಂತಿಲ್ಲ. ಲಿಂಗ ಎಂಬ ಮಾತು ಅಲ್ಲಿ ಅರ್ಥ ಮಾಡಿ ತೆಗೆಯಬೇಕಾದದ್ದಲ್ಲ, ಬರೆದೇ ಇದೆ. ಇಷ್ಟಿದ್ದೂ ಹನ್ನೊಂದು ವರ್ಷ ಕಳೆದ ಮೇಲೆ, 1961ರಲ್ಲಿ, ವಿದೇಶಾಂಗ ಸೇವೆಗೆ ಹೊಸದಾಗಿ ನಿಯಮಾವಳಿ ಬರೆಯಲು ಕೂತವರು ಆ ಷರತ್ತನ್ನು ಎರಡು ಕಡೆ ಸೇರಿಸಿದರು. ಬ್ರಿಟಿಷರು ಬಿಟ್ಟುಹೋದ ಹಳೆ ಕಾಗದ ಅಲ್ಲೇ ಉಳಿದುಬಿಟ್ಟಿತು ಎನ್ನುವ ವಾದ ಈ ವಿಷಯದಲ್ಲಿ ನಿಲ್ಲುವುದಿಲ್ಲ. ಸ್ವತಂತ್ರ ಭಾರತದ ಅಧಿಕಾರಿಗಳು, ಸಂವಿಧಾನ ಕೈಯಲ್ಲಿರುವಾಗ, ಹೊಸದಾಗಿ ಬರೆದದ್ದು ಅದು.

ನಡತೆ ಮತ್ತು ಶಿಸ್ತಿಗೆ ಸಂಬಂಧಿಸಿದ ನಿಯಮಗಳ 8(2)ರಲ್ಲಿ ಎರಡು ಭಾಗ. ಮೊದಲನೆಯದು: ಸೇವೆಯಲ್ಲಿರುವ ಮಹಿಳೆ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಎರಡನೆಯದು: ಮದುವೆಯಾದ ಮೇಲೆ ಯಾವಾಗ ಬೇಕಾದರೂ, ಅವಳ ಸಂಸಾರ ಮತ್ತು ಮನೆಯ ಹೊಣೆಗಳು ಕರ್ತವ್ಯದ ದಕ್ಷ ನಿರ್ವಹಣೆಗೆ ಅಡ್ಡಿಯಾಗುವ ಸಂಭವವಿದೆ ಎಂದು ಸರ್ಕಾರಕ್ಕೆ ಮನವರಿಕೆಯಾದರೆ, ರಾಜೀನಾಮೆ ಕೇಳಬಹುದು.

ಸೇವಾ ನಿಯಮಗಳನ್ನು ಓದಿ ಅಭ್ಯಾಸವಿರುವವರಿಗೆ ಎರಡನೇ ಭಾಗದ ಹಲ್ಲು ಎಲ್ಲಿದೆ ಎಂದು ತಕ್ಷಣ ಕಾಣುತ್ತದೆ. ಅಡ್ಡಿಯಾಗಿರಬೇಕು ಎಂದಿಲ್ಲ, ಅಡ್ಡಿಯಾಗುವ ಸಂಭವವಿದ್ದರೆ ಸಾಕು. ಅಂದರೆ ಕೆಲಸದಲ್ಲಿ ಲೋಪ ತೋರಿಸುವ ಹೊಣೆ ಸರ್ಕಾರಕ್ಕಿಲ್ಲ. ಕಾರಣ ಕೇಳಿ ನೋಟಿಸು, ವಿಚಾರಣೆ ಇಂಥ ಹಂತಗಳ ಮಾತಿಲ್ಲ. ಸರ್ಕಾರಕ್ಕೆ ಮನವರಿಕೆಯಾದರೆ ಆಯಿತು. ಕಾಲದ ಮಿತಿಯೂ ಇಲ್ಲ. ಅನುಮತಿ ಕೊಟ್ಟು ಮದುವೆ ನಡೆದು ಹದಿನೈದು ವರ್ಷವಾದ ಮೇಲೂ ಈ ಕತ್ತಿ ತಲೆಯ ಮೇಲೇ ಇರುತ್ತದೆ. ಇದೇ ಸೇವೆಯ ಗಂಡಸು ಲಂಚ ತೆಗೆದುಕೊಂಡು ಸಿಕ್ಕಿಬಿದ್ದರೂ ಅವನಿಗೆ ಆರೋಪಪಟ್ಟಿ, ಉತ್ತರ ಕೊಡಲು ಅವಕಾಶ, ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ ಎನ್ನುವ 311ನೇ ವಿಧಿಯ ರಕ್ಷಣೆ ಎಲ್ಲ ಇತ್ತು. ಮದುವೆಯಾದ ಹೆಂಗಸಿಗೆ ಅಷ್ಟೂ ಇಲ್ಲ.

ಇನ್ನೊಂದು, ನೇಮಕಾತಿ ಮತ್ತು ಬಡ್ತಿ ನಿಯಮಗಳ 18(4). ವಿವಾಹಿತ ಮಹಿಳೆ ಈ ಸೇವೆಗೆ ನೇಮಕವನ್ನು ಹಕ್ಕಾಗಿ ಕೇಳುವಂತಿಲ್ಲ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಿರಲಿ, ಕುತ್ತಿಗೆಯಲ್ಲಿ ತಾಳಿ ಇದ್ದರೆ ಉಳಿದದ್ದು ಸರ್ಕಾರದ ಕೃಪೆ.

ಇಲ್ಲಿ ಒಂದು ಹಳೆಯ ತೀರ್ಪನ್ನು ನೆನೆಯಬೇಕು. ಮುಂಬೈನ ಒಂದು ಔಷಧ ಕಂಪನಿಯಲ್ಲಿ ಮದುವೆಯಾದ ಹೆಂಗಸರನ್ನು ಕೆಲಸದಿಂದ ಬಿಡಿಸುವ ಷರತ್ತಿತ್ತು. ಕಾರ್ಮಿಕ ಸಂಘ ಅದನ್ನು ಸುಪ್ರೀಂ ಕೋರ್ಟಿನವರೆಗೂ ಒಯ್ದಿತು. ಮದುವೆಯಾದವರು ರಜೆ ಜಾಸ್ತಿ ಹಾಕುತ್ತಾರೆ ಎಂಬ ಕಂಪನಿಯ ವಾದವನ್ನು ಕೋರ್ಟು 1965ರಲ್ಲೇ ತಳ್ಳಿಹಾಕಿತು; ಹೆರಿಗೆ ರಜೆಯೊಂದನ್ನು ಬಿಟ್ಟರೆ ಮದುವೆಯಾದವಳಿಗೂ ಆಗದವಳಿಗೂ ಏನು ವ್ಯತ್ಯಾಸ ಎಂಬುದು ಕೋರ್ಟಿನ ಪ್ರಶ್ನೆಯಾಗಿತ್ತು. ಔಷಧದ ಪೊಟ್ಟಣ ಕಟ್ಟುವ ಹೆಂಗಸರಿಗೆ 1965ರಲ್ಲಿ ಸಿಕ್ಕ ಈ ನ್ಯಾಯ, ದೇಶದ ರಾಯಭಾರ ಕಚೇರಿಗಳಲ್ಲಿ ಕೂತವರಿಗೆ 1979ರಲ್ಲೂ ಕಾಗದದ ಮೇಲೆ ಇರಲಿಲ್ಲ. ಖಾಸಗಿ ಮಾಲೀಕನಿಗೆ ಹೇಳಿದ ಬುದ್ಧಿ ತನಗೂ ಅನ್ವಯಿಸುತ್ತದೆ ಎಂದು ಸರ್ಕಾರಕ್ಕೆ ಅನಿಸಲೇ ಇಲ್ಲ.

ಬಡ್ತಿಯ ಕೋಣೆ

ಮುತ್ತಮ್ಮ ಕೋರ್ಟಿಗೆ ಹೋದ ಹೊತ್ತಿಗೆ ಸೇವೆಗೆ ಸೇರಿ ಮೂವತ್ತು ವರ್ಷವಾಗುತ್ತ ಬಂದಿತ್ತು. ಮುಂದಿನ ಮೆಟ್ಟಿಲು ಗ್ರೇಡ್ ಒಂದು. ಅಲ್ಲಿಗೆ ಬಡ್ತಿ ಬರುವುದು ಸೇವಾ ಹಿರಿತನದ ಲೆಕ್ಕದಲ್ಲಲ್ಲ, ಅರ್ಹತೆಯ ಆಧಾರದ ಮೇಲೆ. ಅರ್ಹತೆ ಅಳೆಯುವುದು ಗೌಪ್ಯ ವರದಿಗಳಿಂದ. ವರ್ಷಕ್ಕೊಮ್ಮೆ ಮೇಲಧಿಕಾರಿ ಬರೆಯುವ ಈ ವರದಿ ಆಗ ಹೆಸರಿಗೆ ತಕ್ಕ ಹಾಗೆ ಗೌಪ್ಯ. ತೀರಾ ಪ್ರತಿಕೂಲ ಷರಾ ಇದ್ದರೆ ಮಾತ್ರ ಸಂಬಂಧಪಟ್ಟವರಿಗೆ ತಿಳಿಸುವ ರೂಢಿ. ‘ಪರವಾಗಿಲ್ಲ’ ಎಂದು ಬರೆದಿದ್ದರೆ ಅದು ಪ್ರತಿಕೂಲವಲ್ಲ, ಆದ್ದರಿಂದ ಗೊತ್ತಾಗುವುದೂ ಇಲ್ಲ. ಪಕ್ಕದವನಿಗೆ ‘ಅತ್ಯುತ್ತಮ’ ಎಂದಿದ್ದರೆ ಬಡ್ತಿ ಅವನಿಗೆ.

ಮೊದಲ ಸಲ ಪರಿಶೀಲನೆ ಆದಾಗ ಮುತ್ತಮ್ಮ ಬಡ್ತಿಗೆ ಬೇಕಾದಷ್ಟು ಅರ್ಹರಲ್ಲ ಎಂದಾಯಿತು. ಅವರಿಗಿಂತ ಕಿರಿಯರಾದ ಹಲವರು ಮೇಲೆ ಹೋದರು.

ಎರಡು ದೇಶಗಳಲ್ಲಿ ರಾಯಭಾರಿಯಾಗಿ ಕೆಲಸ ಮಾಡಿದವರು ಅವರು. ಅವರು ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ಬಳಸುವ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಅರ್ಜಿಯ ಒಟ್ಟು ಧಾಟಿ ಹೀಗಿತ್ತು: ಈ ಸೇವೆಯಲ್ಲಿ ಹೆಂಗಸರ ವಿರುದ್ಧ ಬಹುಕಾಲದಿಂದ ನಡೆದುಬಂದ ದ್ವೇಷದ ತಾರತಮ್ಯವಿದೆ, ಸೇರಿದ ದಿನವೇ ಮುಚ್ಚಳಿಕೆ ಬರೆಸಿಕೊಂಡರು, ಅಲ್ಲಿಂದ ಇಲ್ಲಿಯವರೆಗೆ ಹೆಂಗಸಾದುದರ ಬೆಲೆ ತೆರುತ್ತಲೇ ಬಂದಿದ್ದೇನೆ, ಬಡ್ತಿ ತೀರ್ಮಾನಿಸುವ ಜಾಗದಲ್ಲಿ ಕೂತವರೇ ಹೆಂಗಸರ ಬಗ್ಗೆ ಪೂರ್ವಗ್ರಹ ಇಟ್ಟುಕೊಂಡವರು. ಇದನ್ನು ಬರೆದು ಸಹಿ ಹಾಕಿದವರು ಹೊರಗಿನ ಚಳವಳಿಗಾರರಲ್ಲ, ಇನ್ನೂ ಸೇವೆಯಲ್ಲಿರುವ, ಇನ್ನೂ ಅದೇ ಮೇಲಧಿಕಾರಿಗಳ ಕೈಕೆಳಗೆ ಕೆಲಸ ಮಾಡಬೇಕಾದ ಅಧಿಕಾರಿ. ಸರ್ಕಾರಿ ನೌಕರಿ ಗೊತ್ತಿದ್ದವರಿಗೆ ಇದು ಎಂಥ ಹೆಜ್ಜೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಿಯಮ 8(2) ಮತ್ತು 18(4)ನ್ನು ಅರ್ಜಿಯಲ್ಲಿ ಎತ್ತಿದ್ದು, ನನ್ನ ಓದಿನ ಪ್ರಕಾರ, ಸಾಕ್ಷಿಯಾಗಿ. ಮನಸ್ಸಿನೊಳಗಿನ ಪೂರ್ವಗ್ರಹವನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಕಷ್ಟ. ಗೌಪ್ಯ ವರದಿ ಕೈಗೆ ಸಿಗದು, ಸಮಿತಿಯ ಕೋಣೆಯಲ್ಲಿ ನಡೆದ ಮಾತು ಹೊರಗೆ ಬಾರದು. ಆದರೆ ಸಂಸ್ಥೆ ತಾನೇ ಬರೆದುಕೊಂಡ ನಿಯಮ ಎಲ್ಲರ ಕಣ್ಣೆದುರಿಗಿದೆ. ಹೆಂಗಸರ ಬಗ್ಗೆ ಇಂಥ ನಿಯಮ ಬರೆದವರು ಮುಚ್ಚಿದ ಬಾಗಿಲ ಹಿಂದೆ ನ್ಯಾಯವಾಗಿ ನಡೆದುಕೊಂಡರೇ ಎಂದು ಕೇಳುವ ಉಪಾಯ ಅದು. ವಕೀಲಿಕೆಯ ದೃಷ್ಟಿಯಿಂದ ಒಳ್ಳೆಯ ಉಪಾಯವೇ. ಆದರೆ ಕೊನೆಗೆ ಸಾಕ್ಷಿಯೇ ಕೇಸಾಗಿ, ಕೇಸು ಸಾಕ್ಷಿಯ ಹಿಂದೆ ಮರೆಯಾಯಿತು.

ಸರ್ಕಾರ ಕೇಸನ್ನು ಕರಗಿಸಿದ ಬಗೆ

ಅರ್ಜಿ ಕೋರ್ಟಿನಲ್ಲಿರುವಾಗಲೇ ಎರಡು ಬೆಳವಣಿಗೆಗಳಾದವು. ಎರಡನೇ ಸಲ ಪರಿಶೀಲನೆ ನಡೆದು ಮುತ್ತಮ್ಮ ಅರ್ಹರೆಂದು ತೀರ್ಮಾನವಾಯಿತು, ಬಡ್ತಿ ಬಂತು. ಕೆಲವು ತಿಂಗಳ ಹಿಂದೆ ಇಲ್ಲದಿದ್ದ ಅರ್ಹತೆ ಈಗ ಎಲ್ಲಿಂದ ಬಂತು? ತೀರ್ಪಿನಲ್ಲಿ ಕೃಷ್ಣ ಅಯ್ಯರ್ ಅವರೂ ಒಂದು ಲ್ಯಾಟಿನ್ ಮಾತನ್ನು ಮುಂದಿಟ್ಟು, ಅರ್ಜಿ ಹಾಕಿದ ಮೇಲೆ ಬಡ್ತಿ ಬಂದದ್ದು ಅರ್ಜಿ ಹಾಕಿದ್ದರಿಂದಲೇ ಇರಬಹುದೇ ಎಂದು ಕೆಣಕಿದರು. ಉತ್ತರಕ್ಕೆ ಕಾಯಲಿಲ್ಲ.

ಎರಡನೆಯದು ಸರ್ಕಾರದ ಅಫಿಡವಿಟ್. ನಿಯಮ 18(4)ನ್ನು 1973ರ ನವೆಂಬರಿನಲ್ಲೇ ತೆಗೆದುಹಾಕಲಾಗಿದೆ, 8(2)ನ್ನೂ ತೆಗೆದುಹಾಕಲು ಗೆಜೆಟ್ ಪ್ರಕಟಣೆ ಹೊರಡಲಿದೆ ಎಂದು ಅದು ಹೇಳಿತು. ಅಂದರೆ ಮದುವೆಯಾದವರನ್ನು ಒಳಗೆ ಬಿಡುವುದಿಲ್ಲ ಎಂಬ ನಿಯಮ ಹೋಗಿ ಆರು ವರ್ಷವಾಗಿದ್ದರೂ, ಒಳಗಿದ್ದವರು ಮದುವೆಯಾದರೆ ಹೊರಹಾಕಬಹುದು ಎಂಬ ನಿಯಮ ಹಾಗೇ ಕೂತಿತ್ತು. ಒಂದನ್ನು ಅಳಿಸುವಾಗ ಪಕ್ಕದ ಪುಸ್ತಕದಲ್ಲಿದ್ದ ಅದರ ಜೋಡಿ ಯಾರ ಕಣ್ಣಿಗೂ ಬೀಳಲಿಲ್ಲ ಎಂದು ನಂಬುವುದು ನನಗೆ ಕಷ್ಟ.

ನಮ್ಮ ಕೋರ್ಟುಗಳ ಆವರಣದಲ್ಲಿ ಇದಕ್ಕೆ ‘ಇನ್‌ಫ್ರಕ್ಚುಯಸ್ ಆಯಿತು’ ಎನ್ನುತ್ತಾರೆ. ಕೇಳಿದ್ದು ಸಿಕ್ಕಿದೆ, ಪ್ರಶ್ನಿಸಿದ ನಿಯಮ ಇಲ್ಲ, ಇನ್ನು ತೀರ್ಮಾನಿಸಲು ಏನಿದೆ? ಬಲವಾದ ಕೇಸು ಎದುರಾದಾಗ ಸರ್ಕಾರಗಳು ಮೊದಲಿನಿಂದಲೂ ಹಿಡಿದು ಬಂದ ದಾರಿ ಇದು. ಅರ್ಜಿದಾರರಿಗೆ ಬೇಕಾದ್ದನ್ನು ಕೊಟ್ಟುಬಿಟ್ಟರೆ ತೀರ್ಪು ತಪ್ಪುತ್ತದೆ. ತೀರ್ಪು ತಪ್ಪಿದರೆ ಅದು ಉಳಿದವರಿಗೆ ಅನ್ವಯಿಸುವ ಭಯವೂ ತಪ್ಪುತ್ತದೆ. ನೌಕರರ ಕೇಸುಗಳಲ್ಲಿ ಇಂದಿಗೂ ವಾರಕ್ಕೊಂದು ಕಾಣಸಿಗುವ ಆಟ.

ತೀರ್ಪು

ಹಾಗೆ ನೋಡಿದರೆ ಎರಡು ಸಾಲಿನಲ್ಲಿ ಮುಗಿಯಬೇಕಾಗಿದ್ದ ಆದೇಶ. ಕೃಷ್ಣ ಅಯ್ಯರ್ ಅಷ್ಟಕ್ಕೆ ಬಿಡುವ ಆಸಾಮಿ ಅಲ್ಲ. ಕೇರಳದ 1957ರ ಮಂತ್ರಿಮಂಡಲದಲ್ಲಿ ಸಚಿವರಾಗಿದ್ದು, ಆಮೇಲೆ ನ್ಯಾಯಪೀಠಕ್ಕೆ ಬಂದವರು. ಅವರ ಇಂಗ್ಲಿಷ್ ಎಷ್ಟು ಅಲಂಕಾರದ್ದೆಂದರೆ ವಿದ್ಯಾರ್ಥಿಗಳು ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಅವರ ತೀರ್ಪು ಓದಬೇಕು. ಈ ತೀರ್ಪಿನ ಮೊದಲ ವಾಕ್ಯವೇ ಸಂವಿಧಾನದ 14 ಮತ್ತು 16ನೇ ವಿಧಿಗಳು ನಿಜವೋ ಕಟ್ಟುಕಥೆಯೋ ಎಂಬ ಅನುಮಾನದಿಂದ ಶುರುವಾಗುತ್ತದೆ.

ನಿಯಮ 8(2)ರ ಬಗ್ಗೆ ಅವರು ಕೇಳಿದ್ದು ಸರಳ ಪ್ರಶ್ನೆ. ಹೆಂಗಸು ಮದುವೆಯಾದರೆ ಸರ್ಕಾರಕ್ಕೆ ಏನು ಅಪಾಯವೋ ಗಂಡಸು ಮದುವೆಯಾದರೂ ಅದೇ ಅಪಾಯ ತಾನೆ? ಸಂಸಾರದ ಹೊಣೆ ಅವಳ ಕೆಲಸಕ್ಕೆ ಅಡ್ಡಿ ಬರಬಹುದಾದರೆ ಅವನ ಕೆಲಸಕ್ಕೂ ಬರಬಹುದು. ಅವಿಭಕ್ತ ಕುಟುಂಬಗಳು ಒಡೆದು ಗಂಡ, ಹೆಂಡತಿ, ಮಕ್ಕಳಷ್ಟೇ ಉಳಿದಿರುವ, ಖಂಡಾಂತರ ಮದುವೆಗಳು ನಡೆಯುತ್ತಿರುವ ಕಾಲದಲ್ಲಿ ಹೆಣ್ಣಿನ ಮೇಲೆ ಮಾತ್ರ ಈ ಬೆತ್ತಲೆ ಪಕ್ಷಪಾತ ಏಕೆ? ರಾಜತಾಂತ್ರಿಕನ ಹೆಂಡತಿ ವಿದೇಶಿಯಾದರೆ ಗುಟ್ಟು ಸೋರಬಹುದು ಎಂಬ ಭಯ ಯಾವ ವಿದೇಶಾಂಗ ಕಚೇರಿಗೂ ಇದ್ದೇ ಇರುತ್ತದೆ ಎಂಬುದನ್ನು ನೆನೆದರೆ ಈ ಪ್ರಶ್ನೆಯ ಮೊನೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ಮಾತನ್ನೂ ಅವರು ಹೇಳಿದರು: ಇಷ್ಟು ದೊಡ್ಡ ಹುದ್ದೆಯಲ್ಲಿರುವವರೇ ಸಮಾನ ನ್ಯಾಯದ ಆಸೆ ಕಳೆದುಕೊಂಡರೆ, ಕೋರ್ಟಿನ ಖರ್ಚು ಭರಿಸಲಾಗದ ಸಾಮಾನ್ಯ ಭಾರತೀಯನ ಗತಿ ಏನೆಂದು ಊಹಿಸಿಕೊಳ್ಳಬಹುದು. ಈ ಪ್ರಕರಣದ ಮೇಲೆ ಬರುವ ಒಂದು ಸಹಜ ಆಕ್ಷೇಪಕ್ಕೆ ಉತ್ತರ ಇಲ್ಲಿದೆ. ಎಂ.ಎ. ಓದಿ ರಾಯಭಾರಿಯಾದ ಹೆಂಗಸಿನ ಬಡ್ತಿಯ ಜಗಳ ನಾಗರಿಕ ಹಕ್ಕಿನ ಹೋರಾಟವೇ, ಅದು ಮೇಲಿನವರ ಮನೆಯ ವ್ಯಾಜ್ಯವಲ್ಲವೇ ಎಂದು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಸರ್ಕಾರ ತನ್ನ ಮನೆಯೊಳಗೆ ಸಮಾನತೆ ಪಾಲಿಸದಿದ್ದರೆ ಎಸ್ಟೇಟಿನ ಕೂಲಿಯ ಬಗ್ಗೆ ಮಾಲೀಕನಿಗೆ ಯಾವ ಬಾಯಲ್ಲಿ ಹೇಳೀತು?

ತೀರ್ಪಿನಲ್ಲಿ ಮುಳ್ಳೂ ಇದೆ. ಹೆಣ್ಣನ್ನು ದುರ್ಬಲ ಲಿಂಗ, ಕೋಮಲ ಜೀವ ಎಂಬರ್ಥದ ಮಾತುಗಳಲ್ಲೇ ಅದು ಕರೆಯುತ್ತದೆ. ಬೈಯುವುದು ಗಂಡಾಳಿಕೆಯನ್ನು, ಬಳಸುವುದು ಅದರದೇ ನುಡಿಗಟ್ಟನ್ನು. ಅದಕ್ಕಿಂತ ಮುಖ್ಯವಾದದ್ದು ಒಂದು ವಿನಾಯಿತಿ. ಎಲ್ಲ ಉದ್ಯೋಗದಲ್ಲೂ, ಎಲ್ಲ ಸನ್ನಿವೇಶದಲ್ಲೂ ಗಂಡು ಹೆಣ್ಣು ಸಮಾನರೆಂದು ತಾವು ಸಾರ್ವತ್ರಿಕವಾಗಿ ಹೇಳುತ್ತಿಲ್ಲ, ಕೆಲಸದ ಅಗತ್ಯ ನೋಡಿ ಆಯ್ಕೆ ಮಾಡಬೇಕಾಗಬಹುದು, ಆದರೆ ವ್ಯತ್ಯಾಸವನ್ನು ತೋರಿಸಿಕೊಡಲಾಗದ ಕಡೆ ಸಮಾನತೆಯೇ ನಿಯಮ ಎಂದು ಕೋರ್ಟು ಹೇಳಿತು. ತೋರಿಸಿಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದ್ದು ಒಳ್ಳೆಯದೇ. ಬಾಗಿಲು ಸ್ವಲ್ಪ ತೆರೆದೇ ಇಟ್ಟದ್ದಕ್ಕೆ ಬೆಲೆ ತೆತ್ತವರು ಬೇರೆ ಹೆಂಗಸರು, ಅದು ಮುಂದೆ.

ಬಡ್ತಿಯ ವಿಷಯಕ್ಕೆ ಬಂದಾಗ ಪೀಠದ ದನಿ ತಗ್ಗುತ್ತದೆ. ಬಡ್ತಿ ಸಿಕ್ಕಿರುವುದರಿಂದ ಆರೋಪಗಳನ್ನು ಕೆದಕುವ ಅಗತ್ಯವಿಲ್ಲ. ಆದರೆ ನಡುವಿನ ಕೆಲವು ತಿಂಗಳಲ್ಲಿ ಕಿರಿಯರು ಮುಂದೆ ಹೋಗಿದ್ದಾರೆ, ಮುತ್ತಮ್ಮ ಅವರ ಜ್ಯೇಷ್ಠತೆ ಕೆಳಗಿಳಿದಿದೆ. ಆ ಕಿರಿಯರನ್ನು ಕೇಳದೆ ಕೋರ್ಟು ಅದನ್ನು ತಿದ್ದಲಾಗದು. ಹೀಗಾಗಿ ಸರ್ಕಾರದ ಪರ ನಿಂತ ಹಿರಿಯ ಕಾನೂನು ಅಧಿಕಾರಿ ತಮ್ಮ ಕಕ್ಷಿದಾರರನ್ನೇ ಒಪ್ಪಿಸಿ, ಜ್ಯೇಷ್ಠತೆಯನ್ನು ಬೇಗ ಮರುಪರಿಶೀಲಿಸುವ ಭರವಸೆ ಕೊಟ್ಟರು. ಅನ್ಯಾಯವಾಯಿತೆಂಬ ಭಾವ ಒಳಗೇ ಕೊರೆಯುತ್ತಿರಬಾರದು, ಅದನ್ನು ಅಳಿಸಬೇಕು ಎಂದು ಪೀಠ ಹೇಳಿತು. ಕೊನೆಗೆ, ಇಂಥ ರಿಟ್ ಅರ್ಜಿಗಳು ಬರಲಿ ಎಂದು ಕಾಯದೆ ಎಲ್ಲ ಸೇವಾ ನಿಯಮಗಳನ್ನೂ ಜಾಲಾಡಿ ಲಿಂಗ ತಾರತಮ್ಯದ ಕಲೆಯನ್ನು ತೆಗೆಯಿರಿ ಎಂದು ಸರ್ಕಾರಕ್ಕೆ ತಾಕೀತು ಮಾಡಿ, ಮುಗಿಸಿತು: “ಅರ್ಜಿಯನ್ನು ವಜಾ ಮಾಡುತ್ತೇವೆ, ಸಮಸ್ಯೆಯನ್ನಲ್ಲ.”

ಜಾಲಾಡಿದರೇ?

ತಾಕೀತಿಗೆ ಆದೇಶದ ಬಲವಿಲ್ಲ. ‘ವಿವಾಹದ ಕಾರಣಕ್ಕೆ ಹೆಂಗಸನ್ನು ನೌಕರಿಯಿಂದ ತೆಗೆಯುವ ನಿಯಮ ಸಂವಿಧಾನಬಾಹಿರ’ ಎಂಬ ಒಂದು ಸಾಲಿನ ಘೋಷಣೆ 1979ರಲ್ಲಿ ಬಂದಿದ್ದರೆ ಉಳಿದ ಸೇವೆಗಳೂ ತಂತಮ್ಮ ಪುಸ್ತಕ ತೆರೆದು ನೋಡಬೇಕಾಗುತ್ತಿತ್ತು. ಅದು ಬರಲಿಲ್ಲ. ಒಬ್ಬೊಬ್ಬರೇ ಹೋಗಿ ಒಂದೊಂದೇ ನಿಯಮವನ್ನು ಕೀಳಬೇಕಾಯಿತು.

ಎರಡೇ ವರ್ಷದಲ್ಲಿ, 1981ರ ಆಗಸ್ಟಿನಲ್ಲಿ, ಏರ್ ಇಂಡಿಯಾದ ಗಗನಸಖಿಯರ ಕೇಸು ಅದೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಹೋಗುತ್ತದೆ, ಮೊದಲ ಬಸಿರಿಗೆ ಕೆಲಸ ಹೋಗುತ್ತದೆ, 35 ವರ್ಷಕ್ಕೆ ನಿವೃತ್ತಿ ಎಂಬ ಷರತ್ತುಗಳಿದ್ದವು. ಬಸಿರಿನ ಷರತ್ತನ್ನು ಕೋರ್ಟು ಕಿತ್ತೆಸೆಯಿತು. ಮದುವೆಯ ಷರತ್ತನ್ನು ಎತ್ತಿಹಿಡಿಯಿತು. ಗಗನಸಖಿಯರದು ಗಂಡು ಸಿಬ್ಬಂದಿಗಿಂತ ಬೇರೆಯೇ ವರ್ಗ ಎಂಬುದು ಒಂದು ಕಾರಣ; ನಾಲ್ಕು ವರ್ಷ ತಡೆದರೆ ಕುಟುಂಬ ಯೋಜನೆಗೂ ಒಳ್ಳೆಯದು ಎಂಬುದು ಇನ್ನೊಂದು. ಈ ಎರಡನೇ ಕಾರಣವನ್ನು ಓದಿದಾಗ ಮುತ್ತಮ್ಮ ತೀರ್ಪು ಬರೆದದ್ದು ಇದೇ ನ್ಯಾಯಾಲಯವೇ ಎಂದು ಮತ್ತೆ ಹೆಸರು ನೋಡಿಕೊಳ್ಳುವಂತಾಗುತ್ತದೆ.

ಸೇನೆಯ ನರ್ಸಿಂಗ್ ಸೇವೆಯ ಉದಾಹರಣೆ ಇನ್ನೂ ನೇರವಾದದ್ದು. ಮದುವೆಯಾದರೆ ಸೇವೆಯಿಂದ ಬಿಡುಗಡೆ ಎಂಬ ಸೂಚನೆ ಅಲ್ಲಿ 1977ರಿಂದ ಇತ್ತು. 1979ರ ತಾಕೀತು ಅದನ್ನು ಮುಟ್ಟಲಿಲ್ಲ. 1988ರಲ್ಲಿ ಒಬ್ಬ ಮಹಿಳಾ ಲೆಫ್ಟಿನೆಂಟ್ ಅದರಡಿ ಕೆಲಸ ಕಳೆದುಕೊಂಡರು. ಸೂಚನೆಯನ್ನು ವಾಪಸು ಪಡೆದದ್ದು 1995ರಲ್ಲಿ. ಸುಪ್ರೀಂ ಕೋರ್ಟು ಅದನ್ನು ಲಿಂಗ ತಾರತಮ್ಯ ಎಂದು ಕರೆದು, ಅವರಿಗೆ 60 ಲಕ್ಷ ರೂಪಾಯಿ ಕೊಡಿ ಎಂದದ್ದು 2024ರ ಫೆಬ್ರವರಿಯಲ್ಲಿ. 1979ರಲ್ಲಿ ಕಾನೂನು ಇಲಾಖೆಯ ಒಬ್ಬ ಗುಮಾಸ್ತ ಎಲ್ಲ ಸೇವೆಗಳ ನಿಯಮ ಪುಸ್ತಕ ತರಿಸಿ ‘ವಿವಾಹಿತ’ ಎಂಬ ಪದ ಎಲ್ಲೆಲ್ಲಿದೆ ಎಂದು ಗುರುತು ಹಾಕಿದ್ದರೆ ಮುಗಿಯುತ್ತಿದ್ದ ಕೆಲಸ.

ನಮ್ಮ ರಾಜ್ಯವೂ ಹೊರತಲ್ಲ. ಕರ್ನಾಟಕದ 1996ರ ಅನುಕಂಪದ ನೇಮಕಾತಿ ನಿಯಮಗಳು, ನೌಕರ ತೀರಿಕೊಂಡಾಗ ಕೆಲಸ ಕೇಳುವ ಅವಕಾಶವನ್ನು ಮಗನಿಗೆ ಮದುವೆಯಾಗಿರಲಿ ಬಿಡಲಿ ಕೊಟ್ಟು, ಮದುವೆಯಾದ ಮಗಳನ್ನು ಹೊರಗಿಟ್ಟಿದ್ದವು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2020ರ ಡಿಸೆಂಬರಿನಲ್ಲಿ ಆ ತಡೆಯನ್ನು ತೆಗೆದರು. 2023ರ ಜನವರಿಯಲ್ಲಿ ಅವರೇ, ಮಾಜಿ ಸೈನಿಕರ ಅವಲಂಬಿತರ ಗುರುತಿನ ಚೀಟಿಯಿಂದ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಡುವ ಮಾರ್ಗಸೂಚಿಯನ್ನೂ ರದ್ದು ಮಾಡಿದರು: ಮದುವೆಯಾದರೂ ಮಗ ಮಗನಾಗಿಯೇ ಉಳಿಯುವುದಾದರೆ ಮಗಳೂ ಮಗಳೇ. ತರ್ಕ 1979ರದೇ. ಗಂಡಿಗೆ ಇಲ್ಲದ್ದು ಹೆಣ್ಣಿಗೇಕೆ?

ಉಳಿದ ಪ್ರಶ್ನೆ

ಮುತ್ತಮ್ಮ ಆಮೇಲೆ ನೆದರ್ಲೆಂಡ್ಸ್‌ಗೆ ರಾಯಭಾರಿಯಾಗಿ ಹೇಗ್‌ನಲ್ಲಿದ್ದು 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಉಲೋಫ್ ಪಾಲ್ಮೆ ಅಧ್ಯಕ್ಷತೆಯ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಸದಸ್ಯರಾಗಿದ್ದರು. ಭಾರತದ ಆಡಳಿತ ವ್ಯವಸ್ಥೆಯ ಮೇಲೆ ಒಂದು ಖಾರವಾದ ಪುಸ್ತಕ ಬರೆದರು, ಕೊಡವ ಅಡುಗೆಯ ಬಗ್ಗೆ ಇನ್ನೊಂದು. 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಚೋಕಿಲಾ ಅಯ್ಯರ್ 2001ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು, 2009ರಲ್ಲಿ ನಿರುಪಮಾ ರಾವ್ ಆ ಕುರ್ಚಿಗೆ ಬಂದಿದ್ದರು. ಇಬ್ಬರೂ ವಿವಾಹಿತರು. ಈ ದೃಷ್ಟಿಯಿಂದ ನೋಡಿದರೆ ನಿಯಮ 8(2)ರ ವಿರುದ್ಧದ ಹೋರಾಟಕ್ಕೆ ಫಲ ಸಿಕ್ಕಿದೆ.

ಆದರೆ ಮುತ್ತಮ್ಮ ಅವರನ್ನು ನಿಜಕ್ಕೂ ತಡೆದದ್ದು ಅರ್ಹತೆಯ ಹೆಸರಿನಲ್ಲಿ ಮುಚ್ಚಿದ ಕೋಣೆಯಲ್ಲಿ ಆದ ತೀರ್ಮಾನ. ಅದರ ಕೂದಲೂ ಕೊಂಕಲಿಲ್ಲ. ನಿಯಮದಲ್ಲಿ ಬರೆದ ತಾರತಮ್ಯಕ್ಕಿಂತ ವರದಿಯಲ್ಲಿ ಅಡಗಿದ ತಾರತಮ್ಯ ಗಟ್ಟಿ. ಅದಕ್ಕೆ ಸಂಖ್ಯೆಯಿಲ್ಲ, ಉಪನಿಯಮವಿಲ್ಲ, ಗೆಜೆಟಿನಲ್ಲಿ ಅಳಿಸುವಂಥದ್ದೂ ಅಲ್ಲ. ಆ ಕಡೆ ದೊಡ್ಡ ಬಿರುಕು ಬಿದ್ದದ್ದು ಹೆಂಗಸರಿಗೆ ಸಂಬಂಧವೇ ಇಲ್ಲದ ಒಂದು ಕೇಸಿನಿಂದ. ಗಡಿ ರಸ್ತೆ ಸಂಸ್ಥೆಯ ಒಬ್ಬ ಎಂಜಿನಿಯರಿಗೆ ವರದಿಯಲ್ಲಿ ‘ಉತ್ತಮ’ ಎಂದು ಬರೆದಿದ್ದರು; ಬಡ್ತಿಗೆ ಬೇಕಾದದ್ದು ‘ಅತ್ಯುತ್ತಮ’. ಪ್ರತಿಕೂಲವಲ್ಲವಲ್ಲ ಎಂದು ಅವರಿಗೆ ತಿಳಿಸಿರಲಿಲ್ಲ. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಒಳ್ಳೆಯದಿರಲಿ ಕೆಟ್ಟದ್ದಿರಲಿ ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಲೇಬೇಕು ಎಂದಿತು. ಮರುವರ್ಷ ಕೇಂದ್ರ ಸರ್ಕಾರ ಪೂರ್ತಿ ವರದಿಯನ್ನೇ ಕೈಗೆ ಕೊಡಬೇಕೆಂದು ಆದೇಶ ಹೊರಡಿಸಿತು.

ಈಗ ತನ್ನ ಬಗ್ಗೆ ಏನು ಬರೆದಿದ್ದಾರೆಂದು ಅಧಿಕಾರಿ ಓದಬಹುದು, ಒಪ್ಪದಿದ್ದರೆ ಮನವಿ ಕೊಡಬಹುದು. ಸಮಿತಿ ಇಬ್ಬರನ್ನು ಅಕ್ಕಪಕ್ಕ ಇಟ್ಟು ಒಬ್ಬರನ್ನು ಏಕೆ ಆರಿಸಿತು ಎಂದು ತಿಳಿಯಬೇಕಾದರೆ ಮಾತ್ರ ಇಂದಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯಬೇಕು, ಇಲ್ಲವೇ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು.